ವಿದ್ಯಾರ್ಥಿಗಳ ಬರಹದಲ್ಲಿ ಬರುವ ದೋಷಗಳೂ ಅವುಗಳ ಪರಿಹಾರವೂ



ಮಠವು ಪೂಜೆ ದಾಸೋಹಗಳಿಗೆ ಸ್ಥಾನವಾಗಿರುವಂತೆಯೇ ಅಕ್ಷರಕ್ಕೂ ಸ್ಥಾನವಾಗಿರುವುದು ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. 1941ರಲ್ಲಿ ಸುತ್ತೂರು ಶ್ರೀಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರು ನಗರದಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದುದರಿಂದ ಹಳ್ಳಿಯ ಬಡಮಕ್ಕಳಿಗೆ ಅನ್ನವೂ ಆಶ್ರಯವೂ ದೊರೆತುವು. 1954ರಲ್ಲಿ ಸ್ಥಾಪಿತವಾದ ಮಹಾವಿದ್ಯಾಪೀಠದಿಂದ ಆ ಕಾರ್ಯವು ಮತ್ತಷ್ಟು ವಿಸ್ತಾರವಾಯಿತು. ಆದರೆ ಹಳ್ಳಿಯಿಂದ ನಗರಕ್ಕೆ ಓದಲು ಬರುವ ಬಾಲಕನಿಗೆ ಊಟದ ಚಿಂತೆ ತೀರಿದ ಮೇಲೂ ಮತ್ತೊಂದು ಕಷ್ಟವು ಕಾದಿರುವುದು. ಅವನು ಬರೆದ ತಪ್ಪನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ ಜೊತೆಯವರು ನಗುವರು. ಆ ನಗೆಗೆ ಅಂಜಿ ಬುದ್ಧಿವಂತನಾದ ಹುಡುಗನೂ ಲೇಖನಿಯನ್ನು ಕೆಳಗಿಡುವುದುಂಟು. ಆದುದರಿಂದ ಬರಹದ ದೋಷಗಳು ಎಲ್ಲಿಂದ ಹುಟ್ಟುವುವು, ಅವುಗಳನ್ನು ಹೇಗೆ ನೀಗಬಹುದು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೋಷಗಳಲ್ಲಿ ದೊಡ್ಡದೊಂದು ಭಾಗವು ಹಳ್ಳಿಯ ಮಾತಿನಿಂದ ಬಂದುದಲ್ಲ. ಆ ಮಾತಿಗಾಗಿ ನಾಚಿಕೊಂಡು ಅದರಿಂದ ತಪ್ಪಿಸಿಕೊಳ್ಳುವ ಆತುರದಿಂದ ಬಂದುದು.

ಮೈಸೂರು ಸೀಮೆಯ ಗ್ರಾಮಗಳಲ್ಲಿ ಹಾಲನ್ನು ‘ಆಲು’ ಎಂದೂ ಹಸುವನ್ನು ‘ಅಸು’ ಎಂದೂ ನುಡಿಯುವರು. ಈ ಹಕಾರಲೋಪವನ್ನು ತಪ್ಪೆಂದು ಕೇಳಿ ಕೇಳಿ ಬೆದರಿದ ಬಾಲಕನು ಹಕಾರವಿಲ್ಲದ ಪದಕ್ಕೂ ಅದನ್ನು ಅಂಟಿಸುವನು. ಅಕ್ಕಿಯು ಹಕ್ಕಿಯಾಗುವುದು. ಶಿವಶರಣೆ ಆಯ್ದಕ್ಕಿ ಲಕ್ಕಮ್ಮನ ಹೆಸರನ್ನು ಇಂಥವನು ‘ಆಯ್ದಹಕ್ಕಿ’ ಎಂದು ಬರೆದರೆ ಆ ತಾಯಿಯು ಹೊತ್ತ ಕಾಯಕವೇ ಮರೆಯಾಗಿಹೋಗುವುದು. ಇದಕ್ಕೆ ಹಳಗನ್ನಡವು ಒಳ್ಳೆಯ ಒರೆಗಲ್ಲಾಗಿದೆ. ಇಂದಿನ ಅಚ್ಚಗನ್ನಡ ಪದಗಳ ಮೊದಲಿನ ಹಕಾರವು ಬಹುಮಟ್ಟಿಗೆ ಹಿಂದಿನ ಪಕಾರದಿಂದ ಬಂದುದು: ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪಕ್ಕಿ ಹಕ್ಕಿಯಾಯಿತು, ಪಳ್ಳಿ ಹಳ್ಳಿಯಾಯಿತು. ಅಕ್ಕಿಗೆ ಪಕಾರವು ಎಂದೂ ಇರಲಿಲ್ಲ. ಚಾಮರಾಜನಗರದ ಗಡಿಯಲ್ಲಿ ತಮಿಳನ್ನು ಕೇಳಿ ಬೆಳೆದ ಮಕ್ಕಳು ‘ಪಾಲ್’, ‘ಅರಿಸಿ’ ಎಂಬ ಮಾತುಗಳನ್ನು ನೆನೆದರೂ ಈ ಭೇದವು ತಿಳಿಯುವುದು.

ಮಹಾಪ್ರಾಣದ ವಿಷಯದಲ್ಲಿಯೂ ಇದೇ ಭಯವು ಕೆಲಸಮಾಡುವುದು. ‘ವಿದ್ಯೆ’ ಎಂಬ ಸುಲಭ ಪದವನ್ನು ‘ವಿಧ್ಯೆ’ ಎಂದು ಬರೆಯುವವರು ಗೌರವವು ಹೆಚ್ಚಲೆಂದೇ ಒತ್ತಕ್ಷರಕ್ಕೆ ಕಾಲು ಸೀಳುವಂತೆ ಕಾಣುವುದು. ಮಹಾಪ್ರಾಣವು ಅಲಂಕಾರವಲ್ಲ, ಅರ್ಥದ ಅಂಗ: ದನವು ಹಟ್ಟಿಯಲ್ಲಿರುವುದು, ಧನವು ಪೆಟ್ಟಿಗೆಯಲ್ಲಿರುವುದು, ಮಧ್ಯವೆಂದರೆ ನಡು, ಮದ್ಯವೆಂದರೆ ಹೆಂಡ. ‘ಆಶೀರ್ವಾದ’ವನ್ನು ‘ಆರ್ಶೀವಾದ’ವೆಂದು ಬರೆದು ಅರ್ಕಾವತ್ತನ್ನು ತಪ್ಪುಸ್ಥಾನದಲ್ಲಿಡುವುದೂ ಬಹು ಸಾಮಾನ್ಯ. ಪದವನ್ನು ಬಿಡಿಸಿ ಮೆಲ್ಲಗೆ ಉಚ್ಚರಿಸಿದರೆ ರೇಫವು ಯಾವ ಅಕ್ಷರಕ್ಕಿಂತ ಮೊದಲು ಕೇಳಿಸುವುದೋ ಆ ಅಕ್ಷರದ ಬಲಕ್ಕೆ ಅರ್ಕಾವತ್ತಿನ ಸ್ಥಾನ.

ಲಕಾರ ಳಕಾರಗಳ ಬೆರಕೆಯು ಇನ್ನೂ ಗಂಭೀರವಾದುದು. ಓದು ಬಾರದ ರೈತನೊಬ್ಬನು ಅಧಿಕಾರಿಗೆ ಅರ್ಜಿಯನ್ನು ಬರೆಯಲು ಶಾಲೆಗೆ ಹೋಗುವ ಮಗನನ್ನು ಕೂರಿಸಿಕೊಂಡನೆಂದು ಭಾವಿಸಿರಿ. ತಂದೆಯು ‘ಈ ವರ್ಷ ಬೆಳೆ ಬರಲಿಲ್ಲ’ ಎನ್ನುವನು. ಮಗನು ‘ಬೆಲೆ ಬರಲಿಲ್ಲ’ ಎಂದು ಬರೆಯುವನು. ಮೊದಲನೆಯದು ಮಳೆಯಿಲ್ಲದೆ ಹೊಲವು ಒಣಗಿದವನ ಮೊರೆ. ಎರಡನೆಯದು ಫಸಲು ಕೈಸೇರಿಯೂ ಸಂತೆಯಲ್ಲಿ ಸೋತವನ ಮೊರೆ. ಎರಡು ಸಂಕಟಗಳಿಗೂ ಪರಿಹಾರವು ಬೇರೆ ಬೇರೆ. ಇಂದಿನ ಕೈಯಂತ್ರಗಳು ಎರಡಕ್ಷರವನ್ನು ಒತ್ತುವಷ್ಟರಲ್ಲಿ ಪದವನ್ನು ತಾವೇ ಸೂಚಿಸುವುವು. ಆದರೆ ಬೆಳೆ, ಬೆಲೆ ಎರಡೂ ಶುದ್ಧಪದಗಳೇ ಆದುದರಿಂದ ತಂದೆಯ ಮನಸ್ಸಿನಲ್ಲಿದ್ದುದು ಯಾವುದೆಂಬುದನ್ನು ಮಗನೇ ಅರಿತು ಆರಿಸಬೇಕು. ಮನೆಯವರ ಕಷ್ಟವು ಅವನ ಲೇಖನಿಯನ್ನು ನಂಬಿ ನಿಂತಿರುವುದು.

ಅಕ್ಷರದೋಷಕ್ಕಿಂತಲೂ ಆಳವಾದುದು ವಾಕ್ಯದೋಷ. ಸರಳವಾಗಿ ಬರೆದರೆ ಪಾಂಡಿತ್ಯವು ತೋರದೆಂಬ ಭ್ರಮೆಯಿಂದ ವಿದ್ಯಾರ್ಥಿಯು ಅರ್ಥವರಿಯದ ದೊಡ್ಡ ಪದಗಳನ್ನು ತಂದು ಹೇರುವನು. ವಾಕ್ಯವನ್ನು ಹತ್ತು ಸಾಲು ಎಳೆಯುವನು. ಆರಂಭದಲ್ಲಿ ‘ಶರಣರು’ ಎಂದಿದ್ದ ಕರ್ತೃಪದಕ್ಕೆ ಕೊನೆಯಲ್ಲಿ ‘ಬೋಧಿಸಿದನು’ ಎಂಬ ಕ್ರಿಯಾಪದವು ಬಂದು ಕೂರುವುದು. ಇಲ್ಲಿ ಲಕ್ಕಮ್ಮನ ಕಥೆಯನ್ನೇ ಮತ್ತೆ ಸ್ಮರಿಸಬಹುದು. ಪತಿಯಾದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದುತಂದಾಗ, ಹೆಚ್ಚಿನದನ್ನು ಮರಳಿ ಸುರಿದುಬರುವಂತೆ ಆಕೆಯು ಹೇಳಿದಳೆಂಬುದು ಭಕ್ತರೆಲ್ಲರೂ ಬಲ್ಲ ಸಂಗತಿ. ಬರೆಯುವವನೂ ಅಂದಿನ ಅರ್ಥಕ್ಕೆ ಬೇಕಾದಷ್ಟೇ ಪದಗಳನ್ನು ತರತಕ್ಕದ್ದು. ಮಿಕ್ಕುದನ್ನು ಮರಳಿ ಸುರಿಯತಕ್ಕದ್ದು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳು ಗಹನವಾದ ಅನುಭವವನ್ನು ತಮ್ಮ ತಾಯ್ನುಡಿಯಲ್ಲಿಯೇ ಹೇಳಿದರು. ಆ ಪರಂಪರೆಯ ಮಕ್ಕಳಿಗೆ ಮನೆಯ ಮಾತಿನ ವಿಷಯದಲ್ಲಿ ನಾಚಿಕೆಯು ಸಲ್ಲದು.

ತಪ್ಪನ್ನು ತಿದ್ದಿಸಿಕೊಳ್ಳುವುದಂತೂ ಅವಮಾನವೇ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವ್ಯದಲ್ಲಿ ಬರುವ ದೋಷಗಳನ್ನು ವಿವರಿಸಿದೆ. ಕನ್ನಡ ಸಂಸ್ಕೃತ ಪದಗಳನ್ನು ಕ್ರಮವಿಲ್ಲದೆ ಸಮಾಸಗೊಳಿಸುವುದನ್ನು ಆಕ್ಷೇಪಿಸಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಆಧರಿಸಿ ಶುದ್ಧರೂಪಗಳನ್ನು ನಿರೂಪಿಸಿದನು. ಕವಿಗಳಿಗೇ ತಿದ್ದುಪಾಟು ಬೇಕಾಗಿದ್ದ ಮೇಲೆ ಬಾಲಕರಿಗೆ ಬೇಡವೇ?

ತಿದ್ದದೆ ಬಿಟ್ಟ ತಪ್ಪು ಬರೆದವನೊಡನೆ ಅಳಿಯುವುದೂ ಇಲ್ಲ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಭಂಡಾರದಂಥ ಕಡೆಗಳಲ್ಲಿ ಓಲೆಯ ಪ್ರತಿಗಳನ್ನು ಶೋಧಿಸಿದ ವಿದ್ವಾಂಸರು ಇದನ್ನು ಚೆನ್ನಾಗಿ ಬಲ್ಲರು. ಒಬ್ಬ ಲಿಪಿಕಾರನು ಜಾರಿಸಿದ ಅಕ್ಷರವನ್ನು ಅವನ ಪ್ರತಿಯನ್ನು ನೋಡಿ ಬರೆದವನೂ ಜಾರಿಸುವನು. ಕಡೆಗೆ ಹಲವು ಓಲೆಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸಬೇಕಾಗುವುದು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದುದರ ಹಿಂದೆ ಎಷ್ಟು ಶ್ರಮವಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಇನ್ನು ಪರಿಹಾರ. ಬರೆದುದನ್ನು ಮೂರು ಬಾರಿ ಓದತಕ್ಕದ್ದು. ಮೊದಲ ಸಲ ಗಟ್ಟಿಯಾಗಿ ಓದಬೇಕು. ಉಸಿರು ಕಟ್ಟಿದಲ್ಲಿ ವಾಕ್ಯವನ್ನು ಎರಡಾಗಿ ಒಡೆಯಬೇಕು. ಎರಡನೆಯ ಸಲ ಪ್ರತಿ ವಾಕ್ಯದ ಕರ್ತೃ ಕ್ರಿಯಾಪದಗಳನ್ನು ಮಾತ್ರ ಜೋಡಿಸಿ ನೋಡಬೇಕು. ಮೂರನೆಯ ಸಲ ಒಂದೊಂದೇ ಪದವನ್ನು ಪರೀಕ್ಷಿಸಿ, ಸಂದೇಹವಿದ್ದಲ್ಲಿ ನಿಘಂಟನ್ನು ತೆರೆಯಬೇಕು. 1894ರ ಕಿಟೆಲ್ ಕೋಶವೂ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ, ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ್ದ ತೀ. ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣವೂ ಇದಕ್ಕೆ ನೆರವಾಗುವುವು. ತನ್ನ ತಪ್ಪುಗಳನ್ನೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಯು ಅದೇ ತಪ್ಪಿನಲ್ಲಿ ಮತ್ತೆ ಮತ್ತೆ ಬೀಳನು.

ಗುರುಹಿರಿಯರಿಗೂ ಇಲ್ಲಿ ಕರ್ತವ್ಯವುಂಟು. ತಪ್ಪನ್ನು ತೋರಿಸಿರಿ, ತಪ್ಪಿದವನನ್ನು ನಗೆಗೀಡುಮಾಡಬೇಡಿರಿ. ‘ಆಲು’ ಎನ್ನುವ ಮಗುವಿಗೆ ‘ಹಾಲು’ ಎಂದು ಬರೆಯಲು ಕಲಿಸಿರಿ. ಮನೆಯಲ್ಲಿ ‘ಆಲು’ ಎಂದು ಕರೆದು ಕುಡಿಸಿದ ತಾಯಿಯ ಮಾತನ್ನು ಹೀನವೆಂದು ಕಲಿಸಬೇಡಿರಿ. ಅಂಜಿಕೆಯು ನೀಗಿದಲ್ಲಿ ಬರಹವು ತಾನಾಗಿ ತಿಳಿಯಾಗುವುದು. ಮಠದ ನೆರಳಿನಲ್ಲಿ ಓದುವ ಮಕ್ಕಳೆಲ್ಲರ ಲೇಖನಿಗಳೂ ನಿರ್ಭಯವಾಗಿ, ಶುದ್ಧವಾಗಿ ನಡೆಯಲಿ.