ಹೆಂಡತಿಯೂ ಹೊರಟಳು



ಇಂಗ್ಲೆಂಡಿನ ಬೆಡ್‌ಫರ್ಡ್ ಜೈಲಿನಲ್ಲಿ ಜಾನ್ ಬನ್ಯನ್ 12 ವರ್ಷ ಕಳೆದ. ತೂತುಬಿದ್ದ ಪಾತ್ರೆ ಸರಿಮಾಡುವುದು ಅವನ ಕಸುಬು. ಅಪ್ಪಣೆಯಿಲ್ಲದೆ ಧರ್ಮಬೋಧೆ ಮಾಡಿದ್ದು ಅಪರಾಧ. ಇನ್ನು ಬೋಧಿಸುವುದಿಲ್ಲ ಎಂದಿದ್ದರೆ ಬಿಡುತ್ತಿದ್ದರು. ಅನ್ನಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. ಮಗಳು ಮೇರಿಗೆ ಕಣ್ಣು ಕಾಣದು. ಜೈಲಿನಲ್ಲೇ ಲೇಸುಗಳ ತುದಿಗೆ ಲೋಹದ ಮೊನೆ ಕೂರಿಸಿ, ಮಾರಿ, ಮನೆ ನಡೆಸಿದ. ನ್ಯಾಯಾಧೀಶರ ಮುಂದೆ ಅವನ ಪರವಾಗಿ ವಾದಿಸಿದವಳು ಎರಡನೆಯ ಹೆಂಡತಿ ಎಲಿಜಬೆತ್. ಮಕ್ಕಳು ಅವಳು ಹೆತ್ತವರಲ್ಲ, ಅದನ್ನೂ ಹೇಳಬೇಕು.

ಈ ಬನ್ಯನ್ ಯಾತ್ರಿಕನೊಬ್ಬನ ಕಥೆ ಬರೆದು, ಅದನ್ನು ಅಚ್ಚು ಹಾಕಿಸಲೇ ಎಂದು ಗೆಳೆಯರನ್ನು ಕೇಳಿದ. ಕೆಲವರು ಹಾಕಿಸು ಎಂದರು, ಕೆಲವರು ಬೇಡವೆಂದರು. ದೇವರ ವಿಷಯಕ್ಕೆ ಕಟ್ಟುಕತೆಯೇ ಎಂಬ ಅಳುಕು ಆಗಲೂ ಇತ್ತು. 1678ರಲ್ಲಿ ಪುಸ್ತಕ ಬಂತು. ಕನ್ನಡಕ್ಕೆ ಅದು 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಬಂದಿದೆ.

ಕಥಾನಾಯಕ, ಹೆಂಡತಿ ಮಕ್ಕಳು ಕೂಗಿ ಕರೆದರೂ ಕಿವಿಗೆ ಬೆರಳಿಟ್ಟುಕೊಂಡು ಮೋಕ್ಷದ ದಾರಿ ಹಿಡಿದು ಓಡುತ್ತಾನೆ. ನನಗಂತೂ ಅಲ್ಲಿ ಅವನ ಮೇಲೆ ಸಿಟ್ಟೇ ಬರುತ್ತದೆ. ಬನ್ಯನ್‌ಗೂ ಒಳಗೊಳಗೇ ಕೊರೆದಿರಬೇಕು. 1684ರಲ್ಲಿ ಎರಡನೆಯ ಭಾಗ ಬರೆದ. ಈ ಸಲ ಹೊರಡುವವಳು ಹೆಂಡತಿ ಕ್ರಿಸ್ತಿಯಾನ, ನಾಲ್ವರು ಗಂಡುಮಕ್ಕಳ ಜೊತೆ. ನಡಿಗೆ ನಿಧಾನ. ಹಿರಿಮಗ ತಿನ್ನಬಾರದ ಹಣ್ಣು ತಿಂದು ಹೊಟ್ಟೆನೋವಿನಿಂದ ಒದ್ದಾಡುತ್ತಾನೆ, ಮಾತ್ರೆ ನುಂಗಲೊಲ್ಲೆ ಎಂದು ಹಟ ಮಾಡುತ್ತಾನೆ. ತಾಯಿ ಅದನ್ನು ನಾಲಗೆ ತುದಿಗೆ ಮುಟ್ಟಿಸಿ ನೋಡಿ, ಜೇನಿಗಿಂತ ಸಿಹಿ ಇದೆ ಎಂದು ನುಂಗಿಸುತ್ತಾಳೆ. ಆ ಹುಡುಗರು ದಾರಿಯಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳನ್ನೂ ಪಡೆಯುತ್ತಾರೆ.