ರಂಗೋಲಿ ಪುಡಿಯಲ್ಲಿ ಮೊಬೈಲಿನ ನಕ್ಷೆ



ಸಂಘ ಕಟ್ಟಿದ ಹೊಸತರಲ್ಲಿ ಅಂಗಳದಲ್ಲಿ ಕೂತು ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದದ್ದು ನೆನಪಿದೆಯಾ? ಬಾವಿ ಎಲ್ಲಿ, ಶಾಲೆ ಎಲ್ಲಿ, ಯಾರ ಮನೆಗೆ ದಾರಿಯಿಲ್ಲ ಅಂತ ನೀವೇ ತೋರಿಸಿದಿರಿ. ಓದು ಬಾರದವರೂ ಆ ದಿನ ಬಾಯಿ ಬಿಟ್ಟು ಮಾತಾಡಿದರು. ಇವತ್ತು ಹಾಗೇ ಮೊಬೈಲಿನ ನಕ್ಷೆ ಬರೆಯೋಣ.

ಯಾಕೆ ಅಂತೀರಾ? ಹಿಂದೊಮ್ಮೆ ನಾನು ಮೊಬೈಲ್ ವಂಚನೆ ಬಗ್ಗೆ ಒಂದು ಗಂಟೆ ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದಿರಿ. ಎರಡೇ ವಾರದಲ್ಲಿ ಒಬ್ಬ ಸದಸ್ಯೆ ಸಾಲದ ಕಂತಿಗೆ ಇಟ್ಟಿದ್ದ ಹಣ ಕಳಕೊಂಡರು. "ಸಿಸ್ಟರ್, ಓಟಿಪಿ ಹೇಳಬೇಡಿ ಅಂದಿದ್ರಿ, ಹೇಳಲಿಲ್ಲ. ಹಣ ಬರುತ್ತೆ ಅಂದ್ರು, ಪಿನ್ ಒತ್ತಿದೆ ಅಷ್ಟೆ" ಅಂದರು. ತಪ್ಪು ಅವರದಲ್ಲ, ನನ್ನ ಪಾಠದ್ದು. ಬಿಡಿ ಮಾತುಗಳನ್ನು ಬಾಯಿಪಾಠ ಮಾಡಿಸಿದೆ, ಒಂದಕ್ಕೊಂದು ಇರುವ ಸಂಬಂಧ ತೋರಿಸಲಿಲ್ಲ.

ನಡುವೆ ಒಂದು ವಿಷಯ, ಸುತ್ತ ಕೊಂಬೆಗಳು. ಇಂಗ್ಲೆಂಡಿನ ಟೋನಿ ಬುಜಾನ್ ಎಂಬವರು 1970ರ ದಶಕದಲ್ಲಿ ಇಂಥ ಚಿತ್ರವನ್ನು 'ಮೈಂಡ್ ಮ್ಯಾಪ್' ಎಂಬ ಹೆಸರಿನಿಂದ ಜನಪ್ರಿಯಗೊಳಿಸಿದರು. ನಮಗೆ ರಂಗೋಲಿ ಪುಡಿ ಸಾಕು.

ಮಧ್ಯದಲ್ಲಿ ಒಂದು ಪೆಟ್ಟಿಗೆ ಬರೆಯಿರಿ. ಅದು ನಮ್ಮ ಬ್ಯಾಂಕ್ ಖಾತೆ. ಅದಕ್ಕೆ ನಾಲ್ಕು ಕೊಂಬೆ.

ಮೊದಲನೆಯದು ಬೀಗದ ಕೈ: ಪಿನ್, ಓಟಿಪಿ, ಹೆಬ್ಬೆಟ್ಟು. ಇದಕ್ಕೆ ಕೆಂಪು ಬಣ್ಣ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ.

ಎರಡನೆಯದು ಬಾಗಿಲು: ಫೋನ್ ಕರೆ, ಮೆಸೇಜಿನ ಲಿಂಕ್, ಕ್ಯೂಆರ್ ಕೋಡ್, ವಾಟ್ಸಾಪಿನಲ್ಲಿ ಬರುವ ಆ್ಯಪ್.

ಮೂರನೆಯದು ವೇಷ: ಬ್ಯಾಂಕಿನವರು, ಬಹುಮಾನ ಕೊಡುವವರು, ಪೊಲೀಸರು. ಒಬ್ಬರು ಆಸೆ ತೋರಿಸುತ್ತಾರೆ, ಇನ್ನೊಬ್ಬರು ಹೆದರಿಸುತ್ತಾರೆ. ಎಲ್ಲರಿಗೂ ಅವಸರ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ.

ನಾಲ್ಕನೆಯದು ಸಹಾಯ: ನಮ್ಮ ಬ್ಯಾಂಕ್ ಮತ್ತು 1930 ಸಂಖ್ಯೆ.

ಈಗ ವೇಷದಿಂದ ಬಾಗಿಲಿಗೆ, ಬಾಗಿಲಿನಿಂದ ಬೀಗದ ಕೈಗೆ ಗೆರೆ ಎಳೆಯಿರಿ. ಏನು ಕಾಣುತ್ತದೆ? ವೇಷ ಹಲವು, ಬಾಗಿಲು ಹಲವು, ಗೆರೆಗಳು ಸೇರುವುದು ಮಾತ್ರ ಬೀಗದ ಕೈಗೆ. ಆ ಆ್ಯಪ್ ಕೂಡ ನಮ್ಮ ಓಟಿಪಿ ಕದ್ದು ಓದಲಿಕ್ಕೇ ಬರುವುದು. ನಾಳೆ ಹೊಸ ವೇಷ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: "ಇವರು ನನ್ನ ಬೀಗದ ಕೈ ಕೇಳ್ತಿದ್ದಾರಾ?"

ಆ ಸಹೋದರಿ ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ. ಕೂಡಲೇ 1930ಕ್ಕೆ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಇರುತ್ತದೆ. ತಡವಾದಷ್ಟೂ ಅದು ಕೈತಪ್ಪುತ್ತದೆ. ಆದ್ದರಿಂದ ಯಾರನ್ನೂ ಬೈಯಬೇಡಿ. ಬೈದರೆ ನಾಳೆ ಇನ್ನೊಬ್ಬರು ಮುಚ್ಚಿಡುತ್ತಾರೆ.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ತನ್ನದೇ ನಕ್ಷೆ ಬರೆಯಲಿ. ಆಮೇಲೆ ಸಂಘದ ಪುಸ್ತಕದ ಕೊನೆಯ ಪುಟಕ್ಕೆ ಇಳಿಸಿಕೊಳ್ಳಿ. ನಿಮ್ಮ ನಿಜವಾದ ಪಿನ್ ಮಾತ್ರ ಅಲ್ಲಿ ಬರೆಯಬೇಡಿ! ಮನೆಗೆ ಹೋಗಿ ಅತ್ತೆಗೂ ಮಗಳಿಗೂ ಬರೆದು ತೋರಿಸಿ. ಬರೆದು ತೋರಿಸಿದ್ದು ಮರೆಯುವುದಿಲ್ಲ.