ನಿಕಾಹ್‌ನಾಮೆಯನ್ನು ಓದಿದ್ದೀರಾ?

(ಜುಮಾ ಖುತ್ಬಾದ ಸಾರಾಂಶ)



ಮದುವೆಯ ಹಂಗಾಮು ಶುರುವಾಗಿದೆ. ಎಷ್ಟು ಜನರಿಗೆ ಊಟ, ಯಾವ ಶಾದಿಮಹಲ್, ಹುಡುಗಿಗೆ ಎಷ್ಟು ಪವನ್ ಚಿನ್ನ ಎಂಬ ಚರ್ಚೆ ಮನೆಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ನಿಕಾಹ್‌ನಾಮೆ ಎಂಬ ಆ ಒಂದು ಹಾಳೆಯನ್ನು ತುಂಬಲು ನಾವು ಕೊಡುವುದು ಐದೇ ನಿಮಿಷ. ಮಹ್ರ್ ಎಷ್ಟು ಬರೆಯಲಿ ಎಂದು ಖಾಝಿಯವರು ಕೇಳಿದಾಗ ಎರಡೂ ಕಡೆಯ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಿರಿಯಾನಿಯ ಲೆಕ್ಕ ಗೊತ್ತಿರುತ್ತದೆ, ಇದು ಗೊತ್ತಿರುವುದಿಲ್ಲ.

ಮದುವೆ ಬದಲಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಏನು ಬದಲಾಗಿದೆ ಎಂಬುದನ್ನು ಸ್ವಲ್ಪ ನೋಡೋಣ. ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ 1945ರಲ್ಲಿ ಹಾರ್ವೆ ಲಾಕ್ ಎಂಬವರೊಂದಿಗೆ ಕುಟುಂಬದ ಬಗ್ಗೆ ಒಂದು ಗ್ರಂಥ ಬರೆದರು. ಅವರ ವಾದ ಇಷ್ಟು: ಹಿಂದೆ ಗಂಡ ಹೆಂಡತಿಯನ್ನು ಜೊತೆಗೆ ಇರಿಸುತ್ತಿದ್ದುದು ಕಾನೂನು, ಸಂಪ್ರದಾಯ, ಹಿರಿಯರ ಅಧಿಕಾರ, ಊರಿನವರ ಕಣ್ಣು. ಈಗ ಅವರನ್ನು ಜೊತೆಗೆ ಇರಿಸುವುದು ಪರಸ್ಪರ ಒಲವು ಮತ್ತು ಸಾಂಗತ್ಯ. ಇದು ಅಮೆರಿಕದ ಮಾತು, ನಮಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ನಮ್ಮ ಮನೆಗಳನ್ನೇ ನೋಡಿ. ಒಂದೇ ಅಂಗಳದಲ್ಲಿ ಮೂರು ತಲೆಮಾರು ಇದ್ದಾಗ ಸೊಸೆಗೆ ಕಷ್ಟವಿದ್ದರೂ, ಜಗಳ ಬಿಡಿಸಲು ಮಾವ ಇದ್ದರು, ಮಾಮಿ ಇದ್ದರು, ಪಕ್ಕದ ಬೀದಿಯಲ್ಲಿ ತವರಿತ್ತು. ಈಗ ಮಗ ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾನೆ, ಅಥವಾ ದಮ್ಮಾಮಿನಲ್ಲಿದ್ದಾನೆ. ಜಗಳ ವಾಟ್ಸಾಪ್‌ನಲ್ಲಿ ನಡೆಯುತ್ತದೆ. ಹಳೆಯ ಆಸರೆಗಳು ಕಳಚಿವೆ.

ಕೆಲವರು ಇದನ್ನೆಲ್ಲ ಪಾಶ್ಚಾತ್ಯ ಗಾಳಿ ಎಂದು ತಳ್ಳಿಹಾಕುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ. ಪತಿ ಪತ್ನಿಯರ ನಡುವೆ ನೆಮ್ಮದಿ, ಪ್ರೀತಿ ಮತ್ತು ಕರುಣೆಯನ್ನು ಇರಿಸಿದ್ದು ಅಲ್ಲಾಹನ ನಿದರ್ಶನಗಳಲ್ಲೊಂದು ಎಂದು ಸೂರಃ ಅರ್‍ರೂಮ್ ಕಲಿಸುತ್ತದೆ. ಅದೇ ಕುರ್‌ಆನ್ ಸೂರಃ ಅನ್ನಿಸಾದಲ್ಲಿ ನಿಕಾಹನ್ನು ಬಲಿಷ್ಠ ಕರಾರು ಎಂದೂ ಕರೆಯುತ್ತದೆ. ಒಲವೂ ಬೇಕು, ಕರಾರೂ ಬೇಕು. ಆಸರೆಗಳು ಕಳಚಿದ ಕಾಲದಲ್ಲಿ ಕರಾರಿನ ತೂಕ ಹೆಚ್ಚಬೇಕಿತ್ತು. ನಾವು ಅದನ್ನೇ ಓದದೆ ಬಿಟ್ಟಿದ್ದೇವೆ.

ಬಿಟ್ಟ ಜಾಗಕ್ಕೆ ಏನು ಬಂತು? ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲಿ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಕುರಿತು ಪುಸ್ತಕ ಬರೆದರು. ಇಲ್ಲಿನ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಕಡೆಗೆ ‘ತೆರ’ ಕೊಡುವ ಪದ್ಧತಿಯಿತ್ತು. ಇಂಗ್ಲಿಷ್ ಓದು, ಸಂಬಳದ ನೌಕರಿ ಬಂದಂತೆ ಮೊದಲು ಮೇಲ್ಜಾತಿಗಳಲ್ಲಿ ವರನಿಗೆ ಬೆಲೆ ಕಟ್ಟುವುದು ಶುರುವಾಯಿತು, ಆಮೇಲೆ ಅದು ಉಳಿದವರಿಗೂ ಹರಡಿತು. 1984ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಅವರು, ಆಧುನಿಕ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎನ್ನಲಾಗದು ಎಂದು ವಾದಿಸಿದರು. ಅಂದರೆ ಇದು ಅನಾದಿ ಸಂಪ್ರದಾಯವೂ ಅಲ್ಲ, ನೌಕರಿಯ ಜೊತೆ ಬಂದ ರೋಗ. ನಮ್ಮಲ್ಲೂ ಹಾಗೆಯೇ ಬಂತು. ಬಯಲುಸೀಮೆಯ ದಖನಿ ಮನೆಗಳಲ್ಲಿ ಅದಕ್ಕೆ ‘ಜೋಡೇ ಕೀ ರಖಮ್’ ಎಂದು ಹೆಸರು. ಫಿಕ್ಹ್‌ನ ಯಾವ ಗ್ರಂಥ ತೆರೆದರೂ ಈ ಹೆಸರಿನ ಅಧ್ಯಾಯ ಸಿಗದು. 1961ರ ವರದಕ್ಷಿಣೆ ನಿಷೇಧ ಕಾನೂನು ಕೂಡ ಈ ವ್ಯತ್ಯಾಸ ಬಲ್ಲದು: ವರದಕ್ಷಿಣೆಯನ್ನು ಅಪರಾಧವೆಂದು ಸಾರಿ, ಮುಸ್ಲಿಮರ ಮಹ್ರನ್ನು ಅದರಿಂದ ಹೊರಗಿಟ್ಟಿದೆ. ಕಾನೂನು ಬರೆದವರಿಗೆ ತಿಳಿದದ್ದು ನಮಗೆ ಮರೆತುಹೋಗಿದೆ.

ಮಹ್ರ್ ಗಂಡು ಹೆಣ್ಣಿಗೆ ಕೊಡಬೇಕಾದದ್ದು. ಅವಳ ತಂದೆಗಲ್ಲ, ಅವಳಿಗೆ. ಅಲೀ(ರ) ಫಾತಿಮಾ(ರ)ರನ್ನು ವರಿಸುವಾಗ ಕೈಯಲ್ಲಿ ಏನೂ ಇರಲಿಲ್ಲ. ಪ್ರವಾದಿ(ಸ)ರು ಅವರ ಕವಚವನ್ನು ನೆನಪಿಸಿ, ಅದನ್ನೇ ಕೊಡು ಎಂದರು. ಇನ್ನೊಬ್ಬ ಬಡ ಸಹಾಬಿಗೆ ಕಬ್ಬಿಣದ ಉಂಗುರವಾದರೂ ಹುಡುಕಿ ತಾ ಎಂದರು. ಬಡವ ಎಂದು ಮಾಫಿ ಮಾಡಲಿಲ್ಲ ಎಂಬುದನ್ನು ಗಮನಿಸಿ. ಇನ್ನು ಔತಣದ ವಿಷಯ. ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಮದುವೆಯಾದ ಸುದ್ದಿ ತಿಳಿದಾಗ ಒಂದು ಆಡನ್ನಾದರೂ ಕೊಯ್ದು ವಲೀಮಾ ಕೊಡು ಎಂದು ಪ್ರವಾದಿ(ಸ)ರು ಹೇಳಿದ್ದು ವರನಿಗೆ. ಹುಡುಗಿಯ ತಂದೆ ಸಾಲ ಮಾಡಿ ಎಂಟುನೂರು ಜನರಿಗೆ ಊಟ ಹಾಕುವ ಸುನ್ನತ್ ಎಲ್ಲಿಂದ ಬಂತೋ ಬಲ್ಲವರೇ ಹೇಳಬೇಕು.

ಕರಾವಳಿಯಲ್ಲಿ ಮಹ್ರನ್ನು ಚಿನ್ನವಾಗಿ ನಿಕಾಹ್‌ನ ದಿನವೇ ಕೊಡುವ ರೂಢಿಯಿದೆ. ವರದಕ್ಷಿಣೆ ಅಲ್ಲೂ ಹೋಗಿಲ್ಲ, ಆದರೆ ಮಹ್ರ್‌ನ ಮಟ್ಟಿಗೆ ಇದು ಒಳ್ಳೆಯ ರೂಢಿ. ಉಳಿದ ಕಡೆ ಮಹ್ರನ್ನು ‘ಮುಅಜ್ಜಲ್’ ಎಂದು ಬರೆಯುತ್ತೇವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅರಬಿಯಲ್ಲಿ ಐನ್ ಅಕ್ಷರದಿಂದ ಬರೆದರೆ ಕೂಡಲೇ ಕೊಡಬೇಕಾದದ್ದು, ಹಮ್ಝಾದಿಂದ ಬರೆದರೆ ನಂತರ ಕೊಡುವುದು. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ! ನಾಳೆ ವಿವಾದವಾದರೆ ಆ ಪದದಿಂದ ಯಾರಿಗೂ ಏನೂ ತಿಳಿಯದು. ಆದ್ದರಿಂದ ‘ಈಗಲೇ ಕೊಟ್ಟದ್ದು ಇಷ್ಟು, ನಂತರ ಕೊಡುವುದು ಇಷ್ಟು, ಇಂಥ ಸಮಯದೊಳಗೆ’ ಎಂದು ಸರಳ ಕನ್ನಡದಲ್ಲಿ ಬರೆಯಿಸಿ. ರೂಪಾಯಿಯಲ್ಲಿ ಬರೆಯುವ ಬದಲು ಚಿನ್ನದ ಗ್ರಾಂನಲ್ಲಿ ಬರೆಯಿಸುವುದು ಮೇಲು. 1985ರ ಸುಮಾರಿಗೆ ಹತ್ತು ಗ್ರಾಂ ಚಿನ್ನ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿತ್ತು. ಅಂದು ಐದು ಸಾವಿರ ಮಹ್ರ್ ಎಂದರೆ ಸುಮಾರು ಮೂರು ಪವನ್. ಇಂದು ಅದೇ ಐದು ಸಾವಿರಕ್ಕೆ ಒಂದು ಗ್ರಾಂ ಬರುವುದಿಲ್ಲ. ಕೊಡದೆ ಉಳಿಸಿಕೊಂಡವನಿಗೆ ಲಾಭ, ಕಾದು ಕುಳಿತವಳಿಗೆ ನಷ್ಟ.

ಕರಾರಿನಲ್ಲಿ ಷರತ್ತುಗಳನ್ನೂ ಸೇರಿಸಬಹುದು. ಮದುವೆಯ ನಂತರ ಓದು ಮುಂದುವರಿಸುವುದು, ಬೇರೆ ಅಡುಗೆಮನೆ, ವಿದೇಶಕ್ಕೆ ಹೋದವನು ತಿಂಗಳಿಗೆ ಇಷ್ಟು ಕಳುಹಿಸುವುದು. ಮೊದಲೇ ಇಂಥದ್ದನ್ನು ಮಾತನಾಡುವುದು ಅಪಶಕುನ ಎಂದು ಹಿರಿಯರು ಗದರಿಸುತ್ತಾರೆ. ಆದರೆ ಈಡೇರಿಸಲೇಬೇಕಾದ ಷರತ್ತುಗಳಲ್ಲಿ ಎಲ್ಲಕ್ಕಿಂತ ಮುಂದಿನವು ನಿಕಾಹ್‌ನ ಷರತ್ತುಗಳು ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಯಾವ ಷರತ್ತು ಶರೀಅತ್ ಪ್ರಕಾರ ನಿಲ್ಲುತ್ತದೆ ಎಂಬುದನ್ನು ನಿಮ್ಮ ಮದ್‌ಹಬ್‌ನ ಆಲಿಮರಲ್ಲಿ ಕೇಳಿ. ಒಪ್ಪಿಗೆಯ ವಿಷಯವಂತೂ ಇನ್ನೂ ಗಂಭೀರ. ಖನ್ಸಾ ಬಿಂತ್ ಖಿದಾಮ್(ರ) ಎಂಬ ಅನ್ಸಾರಿ ಮಹಿಳೆಯನ್ನು ತಂದೆ ಆಕೆಗೆ ಇಷ್ಟವಿಲ್ಲದೆ ಮದುವೆ ಮಾಡಿಸಿದ್ದರು. ಆಕೆ ಪ್ರವಾದಿ(ಸ)ರ ಬಳಿ ದೂರಿದರು. ಆ ನಿಕಾಹ್ ರದ್ದಾಯಿತು.

ಹುಡುಗಿಯರು ಹೆಚ್ಚು ಓದಿ ಮದುವೆ ತಡವಾಗುತ್ತಿದೆ ಎಂದು ದೂರುವವರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರ ಪೈಕಿ 18 ತುಂಬುವ ಮೊದಲೇ ಮದುವೆಯಾದವರು 2005-06ರಲ್ಲಿ ನೂರಕ್ಕೆ 47 ಇದ್ದರು, 2019-21ರಲ್ಲಿ 23. ಇದನ್ನು ದೂರಬೇಕೇಕೆ? ಓದಿದ ಹುಡುಗಿ ನಿಕಾಹ್‌ನಾಮೆಗೆ ಸಹಿ ಹಾಕುವ ಮೊದಲು ಅದನ್ನು ಓದುತ್ತಾಳೆ. ಕೆಲವರಿಗೆ ತೊಂದರೆಯಾಗುತ್ತಿರುವುದು ಬಹುಶಃ ಅದೇ.

ಕೊನೆಯದಾಗಿ, ಹೇಳಲು ಸಂಕೋಚವಾಗುವ ಒಂದು ವಿಷಯ. ಗಂಡ ತೀರಿಕೊಂಡಿದ್ದಾನೆ. ಜನಾಝ ಎತ್ತುವ ಮೊದಲು ಹೆಂಗಸರು ಆ ವಿಧವೆಯನ್ನು ಮಯ್ಯಿತ್‌ನ ಬಳಿ ಕರೆತಂದು ‘ಮಹ್ರ್ ಮಾಫಿ ಮಾಡಿದೆ ಅನ್ನಮ್ಮಾ’ ಎಂದು ಒತ್ತಾಯಿಸುತ್ತಾರೆ. ಅಳುತ್ತಿರುವ ಅವಳು ಏನನ್ನು ತಾನೇ ಬೇಡ ಎಂದಾಳು? ಕುರ್‌ಆನ್ ಒಪ್ಪುವುದು ಅವಳು ಮನಃಪೂರ್ವಕವಾಗಿ ಬಿಟ್ಟುಕೊಟ್ಟದ್ದನ್ನು ಮಾತ್ರ. ನಲವತ್ತು ಜನ ಸುತ್ತ ನಿಂತು ಹೇಳಿಸಿದ್ದು ಮನಃಪೂರ್ವಕ ಹೇಗಾದೀತು? ಮಹ್ರ್ ಅವನ ಮೇಲಿನ ಸಾಲ. ವಾರೀಸು ಪಾಲು ಮಾಡುವ ಮೊದಲು ತೀರಿಸಬೇಕಾದ ಸಾಲ. ಅದನ್ನು ಕೊಟ್ಟ ಮೇಲೆ ಅವಳ ವಾರೀಸಿನ ಪಾಲು ಬೇರೆ: ಮಕ್ಕಳಿದ್ದರೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು.

ಇವತ್ತು ಮನೆಗೆ ಹೋದ ಮೇಲೆ ಟ್ರಂಕಿನಲ್ಲೋ ಬೀರುವಿನಲ್ಲೋ ಇರುವ ನಿಮ್ಮ ನಿಕಾಹ್‌ನಾಮೆಯನ್ನು ಹೊರತೆಗೆಯಿರಿ. ಮಹ್ರ್‌ನ ಸಾಲು ಓದಿ. ಬಾಕಿಯಿದ್ದರೆ ಒಟ್ಟಿಗೆ ಆಗದಿದ್ದರೂ ಕಂತಿನಲ್ಲಿ ಕೊಡಲು ಶುರುಮಾಡಿ, ಕೊಟ್ಟದ್ದನ್ನು ಬರೆದಿಡಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ.